ಮನೆಗೆ ಡೆಸ್ಕ್‌ಟಾಪ್ ಬೇಕಾ? ಮೊದಲು ಅರ್ಥಿಂಗ್ ನೋಡಿ

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರ ನಮ್ಮದು 14 ಎಕರೆ ಕಾಫಿ ತೋಟ. ಮನೆಯ ಒಂದು ಭಾಗದಲ್ಲಿ ಹೋಮ್‌ಸ್ಟೇ ಇದೆ, ಅದನ್ನು ನನ್ನ ಹೆಂಡತಿ ನೋಡಿಕೊಳ್ಳುತ್ತಾಳೆ. ಮಗಳು ಮೊದಲ ಪಿಯುಸಿ. ಅಪ್ಪ ನಮ್ಮ ಜೊತೆಗೇ ಇದ್ದಾರೆ. ನಾಲ್ಕೂ ಜನರ ಹತ್ತಿರ ಸ್ಮಾರ್ಟ್‌ಫೋನ್ ಇದೆ. 2013ರಲ್ಲಿ ತಂದಿದ್ದ ಡೆಸ್ಕ್‌ಟಾಪ್ ಕಳೆದ ಮಳೆಗಾಲದಲ್ಲಿ ನಿಂತುಹೋಗಿ ಮೂಲೆ ಸೇರಿದೆ. ಈಗ ಹೊಸದು ಬೇಕು ಅಂತ ಮಗಳ ಹಟ. ಫೋನಿನಲ್ಲೇ ಎಲ್ಲ ಆಗುವಾಗ ಡೆಸ್ಕ್‌ಟಾಪ್ ಯಾಕೆ? ತಂದರೂ ನಮ್ಮ ಮಳೆ, ಸಿಡಿಲು, ಕರೆಂಟಿನ ಆಟಕ್ಕೆ ಅದು ಉಳಿಯುತ್ತದಾ? ಲ್ಯಾಪ್‌ಟಾಪ್ ವಾಸಿ ಅಲ್ವಾ? ನೆಟ್ ಇಲ್ಲದ ದಿನ ಇದರಿಂದ ಏನು ಉಪಯೋಗ?

ಉತ್ತರ: ಕೊಳ್ಳಿ. ಆದರೆ ಅಂಗಡಿಗೆ ಹೋಗುವ ಮೊದಲು ಎಲೆಕ್ಟ್ರಿಷಿಯನ್ ಅವರನ್ನು ಮನೆಗೆ ಕರೆಸಿ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ದೊಡ್ಡ ಅನುಮಾನ ತೆಗೆದುಕೊಳ್ಳೋಣ.

ಫೋನಿನಲ್ಲಿ ಎಲ್ಲ ಆಗುತ್ತದೆ ಅನ್ನುವುದು ಸುಮಾರಾಗಿ ನಿಜ. ಬ್ಯಾಂಕು, ಕರೆಂಟು ಬಿಲ್ಲು, ಕಾಫಿ ರೇಟು, ಪಹಣಿ ನೋಡುವುದು, ಎಲ್ಲಕ್ಕೂ ಫೋನ್ ಸಾಕು. ಬರೀ ಇಷ್ಟಕ್ಕೆ ಡೆಸ್ಕ್‌ಟಾಪ್ ತರುವುದು ದುಡ್ಡು ದಂಡ. ಆದರೆ ಫೋನ್ ಒಬ್ಬರದು. ನಿಮ್ಮ ಫೋನಿನಲ್ಲಿರುವ ಲೆಕ್ಕ ನಿಮ್ಮ ಹೆಂಡತಿಗೆ ಸಿಗುವುದಿಲ್ಲ, ಅವರ ಫೋನಿನಲ್ಲಿರುವ ಬುಕಿಂಗ್ ನಿಮಗೆ ಕಾಣುವುದಿಲ್ಲ. ಫೋನ್ ಬದಲಾದರೆ ಅರ್ಧ ಹೋಯಿತು. ಮನೆಗೆ ಸೇರಿದ ಲೆಕ್ಕ, ಕಾಗದ, ಫೋಟೋ ಒಂದೇ ಕಡೆ ಇರಬೇಕು, ಯಾರು ಬೇಕಾದರೂ ಕೂತು ನೋಡುವ ಹಾಗಿರಬೇಕು. ಡೆಸ್ಕ್‌ಟಾಪ್ ಬೇಕಾಗುವುದು ಇದಕ್ಕೆ.

ನಿಮ್ಮ ಅಪ್ಪನಿಂದಲೇ ಶುರು ಮಾಡುತ್ತೇನೆ. ಕೊಡಗಿನಲ್ಲಿ ಮಳೆ ಪುಸ್ತಕ ಇಲ್ಲದ ತೋಟ ಕಡಿಮೆ. ಬೆಳಗ್ಗೆ ಎದ್ದು ಮಳೆ ಮಾಪಕ ನೋಡಿ ಇಂಚು, ಸೆಂಟು ಲೆಕ್ಕದಲ್ಲಿ ಡೈರಿಯಲ್ಲಿ ಬರೆಯುವುದು ಹಿರಿಯರಿಗೆ ರೂಢಿ. ನಿಮ್ಮ ಮನೆಯಲ್ಲೂ ಇಪ್ಪತ್ತು ಮೂವತ್ತು ವರ್ಷದ ಡೈರಿಗಳು ಎಲ್ಲೋ ಕಪಾಟಿನಲ್ಲಿ ಇರಬಹುದು, ಹುಡುಕಿ. ಒಂದು ಇಂಚಿಗೆ ನೂರು ಸೆಂಟು. ಹಾಗಾಗಿ ಮೂರು ಇಂಚು ನಲವತ್ತು ಸೆಂಟು ಅಂದರೆ 3.40. ಸ್ಪ್ರೆಡ್‌ಶೀಟ್‌ಗೆ ಸೀದಾ ಹೋಗುವ ಸಂಖ್ಯೆ ಇದು. ಒಂದು ಸಾಲಿಗೆ ಒಂದು ದಿನ, ಒಂದು ಕಾಲಂಗೆ ಒಂದು ವರ್ಷ. ಕೆಳಗೆ ತಿಂಗಳ ಮೊತ್ತ. ಸರ್ಕಾರದ ಅಂಕಿಅಂಶದ ಜೊತೆ ಹೋಲಿಸಬೇಕಾದರೆ 25.4ರಿಂದ ಗುಣಿಸಿದರೆ ಮಿಲಿಮೀಟರ್ ಆಯಿತು.

ಇಷ್ಟು ತುಂಬಿಸಿದ ಮೇಲೆ ಇನ್ನೊಂದು ಹಾಳೆಯಲ್ಲಿ ಪ್ರತಿ ವರ್ಷದ ಫಸಲು ಹಾಕಿ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವ ತಾರೀಕಿಗೆ ಬಂತು, ಎಷ್ಟು ಸೆಂಟು ಬಂತು, ಆಮೇಲೆ ಬ್ಯಾಕಿಂಗ್ ಶವರ್ (ಹೂ ಕಾಯಿ ಕಟ್ಟಲು ಬೇಕಾದ ಮುಂದಿನ ಮಳೆ) ಎಷ್ಟು ದಿನಕ್ಕೆ ಸಿಕ್ಕಿತು, ಆ ವರ್ಷ ರೋಬಸ್ಟಾ ಕಾಫಿ ಎಷ್ಟು ಮೂಟೆ ಆಯಿತು, ಇವೆಲ್ಲ ಅಕ್ಕಪಕ್ಕ ಕಾಣುತ್ತವೆ. ಫೆಬ್ರವರಿ ಕೊನೆಗೆ ಸ್ಪ್ರಿಂಕ್ಲರ್ ಇಡಬೇಕಾ, ಇನ್ನೊಂದು ವಾರ ಮಳೆ ಕಾಯಬೇಕಾ ಅಂತ ಪ್ರತಿ ವರ್ಷ ಮನೆಯಲ್ಲಿ ಚರ್ಚೆ ನಡೆಯುತ್ತದಲ್ಲ, ಆಗ ನೆನಪಿನ ಮೇಲೆ ವಾದ ಮಾಡುವ ಬದಲು ನಿಮ್ಮದೇ ತೋಟದ ಲೆಕ್ಕ ಮುಂದಿರುತ್ತದೆ. ಇದನ್ನು ಆರಿಂಚಿನ ಪರದೆಯಲ್ಲಿ ಮಾಡಲು ಹೋದರೆ ಎರಡನೇ ಡೈರಿಗೆ ಕೈ ಬಿಡುತ್ತೀರಿ. ದೊಡ್ಡ ಪರದೆ, ನಂಬರ್ ಪ್ಯಾಡ್ ಇರುವ ಕೀಬೋರ್ಡ್ ಇದ್ದರೆ ಅಪ್ಪ ಓದುತ್ತಾ ಹೋಗುತ್ತಾರೆ, ಮಗಳು ಒತ್ತುತ್ತಾ ಹೋಗುತ್ತಾಳೆ. ಅಜ್ಜ ಮೊಮ್ಮಗಳಿಗೆ ಒಂದು ಮಳೆಗಾಲದ ಕೆಲಸ. ಎಕ್ಸೆಲ್‌ಗೆ ದುಡ್ಡು ಕೊಡಬೇಕಾಗಿಲ್ಲ, ಲಿಬ್ರೆ ಆಫೀಸ್ ಪುಕ್ಕಟೆ ಸಿಗುತ್ತದೆ, ಇಷ್ಟಕ್ಕೆ ಧಾರಾಳ.

ಕಾಫಿ ಮಾರುವಾಗಲೂ ಹಾಗೆಯೇ. ರೋಬಸ್ಟಾ ಚೆರಿ (ಹಣ್ಣಿನ ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಔಟ್‌ಟರ್ನ್ (ಓಟಿ) ಮೇಲೆ, ಅಂದರೆ ಮೂಟೆಗೆ ಎಷ್ಟು ಕಾಳು ಸಿಗುತ್ತದೆ ಅನ್ನುವುದರ ಮೇಲೆ ಹೋಗುತ್ತದೆ ಅನ್ನುವುದು ನಿಮಗೆ ನಾನು ಹೇಳಬೇಕಾಗಿಲ್ಲ. 50 ಕೆಜಿ ಮೂಟೆಗೆ ಓಟಿ 26 ಅಂದರೆ 26 ಕೆಜಿ ಕ್ಲೀನ್ ಕಾಫಿ, ಸಿಪ್ಪೆ ತೆಗೆದ ಕಾಳು. ಅದು 27 ಆದರೆ 200 ಮೂಟೆಗೆ 200 ಕೆಜಿ ಹೆಚ್ಚು. ಯಾವ ಬ್ಲಾಕಿನ ಕಾಫಿ ಯಾವ ವರ್ಷ ಎಷ್ಟು ಓಟಿ ಬಂತು, ತೇವಾಂಶ ಎಷ್ಟಿತ್ತು, ಯಾರಿಗೆ ಕೊಟ್ಟಿರಿ, ದುಡ್ಡು ಯಾವಾಗ ಬಂತು ಅಂತ ನಾಲ್ಕು ವರ್ಷ ಬರೆದಿಡಿ. ಮುಂದಿನ ಸಲ ವ್ಯಾಪಾರಿಯ ಎದುರು ಮಾತಾಡುವಾಗ ನಿಮ್ಮ ಧ್ವನಿಯೇ ಬೇರೆ ಇರುತ್ತದೆ. ಕೂಲಿ ಲೆಕ್ಕ, ಲೈನ್ ಮನೆಯವರ (ತೋಟದಲ್ಲೇ ಇರುವ ಕಾರ್ಮಿಕರ) ಅಡ್ವಾನ್ಸ್, ಗೊಬ್ಬರದ ಬಿಲ್ಲು, ಎಲ್ಲವೂ ಇದರ ಜೊತೆಗೇ ಹೋಗುತ್ತದೆ.

ಕಾಗದ ಪತ್ರಗಳ ವಿಷಯ ನಿಧಾನವಾಗಿ ಓದಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆ ಬಿಟ್ಟು ಉಟ್ಟ ಬಟ್ಟೆಯಲ್ಲಿ ಓಡಿದವರು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಜನ. ಆಮೇಲೆ ಪರಿಹಾರಕ್ಕೆ ಅರ್ಜಿ ಹಾಕುವಾಗ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ ಅನ್ನುವ ಕಷ್ಟ ಅವರಿಗೇ ಗೊತ್ತು. ಪಹಣಿಯ ಹೊಸ ಪ್ರತಿ ಆನ್‌ಲೈನ್‌ನಲ್ಲಿ ಸಿಗುತ್ತದೆ ನಿಜ. ಆದರೆ ಅಜ್ಜನ ಕಾಲದ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಕಾಗದ, ಪಾಲುಪಟ್ಟಿ, ಕೈಯಲ್ಲಿ ಬರೆದ ಹಳೇ ನಕ್ಷೆ, ಒಕ್ಕದ (ಕುಲದ ಮನೆತನದ) ಹಳೇ ಫೋಟೋ, ಇವಕ್ಕೆ ಎರಡನೇ ಪ್ರತಿ ಎಲ್ಲಿದೆ? ಸ್ಕ್ಯಾನರ್ ಇರುವ ಪ್ರಿಂಟರ್ ಒಂದು ತನ್ನಿ. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಫೈಲಿನ ಹೆಸರು ‘ಸ್ಕ್ಯಾನ್001’ ಅಂತ ಬಿಡಬೇಡಿ, ಸರ್ವೆ ನಂಬರ್, ಏನು, ಯಾವ ವರ್ಷ ಅಂತ ಕನ್ನಡದಲ್ಲೇ ಹೆಸರಿಡಿ. ಒಂದು ಪ್ರತಿ ಡೆಸ್ಕ್‌ಟಾಪಿನಲ್ಲಿ, ಒಂದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಕೊಡಗಿನಿಂದ ಹೊರಗೆ. ಹೊರಗೆ ಅಂದರೆ ಗೂಗಲ್ ಡ್ರೈವ್ ಆಗಬಹುದು, ಮೈಸೂರಿನ ತಂಗಿ ಮನೆಯ ಬೀರುವಿನಲ್ಲಿರುವ ಪೆನ್‌ಡ್ರೈವ್ ಕೂಡ ಆಗಬಹುದು. ಪೆನ್‌ಡ್ರೈವ್ ಆದರೆ ವರ್ಷಕ್ಕೊಮ್ಮೆ ತೆಗೆದು ನೋಡಿ, ಸುಮ್ನೆ ಇಟ್ಟದ್ದು ಓದದೇ ಹೋಗುವುದುಂಟು.

ಹೋಮ್‌ಸ್ಟೇ ಇರುವುದರಿಂದ ಇನ್ನೊಂದು ಮಾತು. ವಿದೇಶಿಯರು ಬಂದು ಉಳಿದರೆ 24 ಗಂಟೆಯೊಳಗೆ ಅವರ ಮಾಹಿತಿಯ ಫಾರಂ, ರೂಢಿಯಲ್ಲಿ ಸಿ ಫಾರಂ ಅನ್ನುವುದನ್ನು, ಆನ್‌ಲೈನ್‌ನಲ್ಲಿ ತುಂಬಬೇಕು. ಪಾಸ್‌ಪೋರ್ಟ್, ವೀಸಾ ವಿವರ ಒಂದಕ್ಷರ ತಪ್ಪಿದರೂ ಕಿರಿಕಿರಿ. ಇಂಥದ್ದನ್ನು ಫೋನಿನ ಪುಟ್ಟ ಕೀಬೋರ್ಡಿನಲ್ಲಿ ತುಂಬುವುದು ಶಿಕ್ಷೆ.

ಮಗಳಿಗೆ ಬೇಕಾಗುವುದು ಗೊತ್ತೇ ಇದೆ: ಸಿಇಟಿ, ನೀಟ್ ಅರ್ಜಿ, ಇಷ್ಟೇ ಕೆಬಿ ಇರಬೇಕು ಅನ್ನುವ ಫೋಟೋ ಮತ್ತು ಸಹಿ, ಪ್ರಾಜೆಕ್ಟು. ಇದಕ್ಕಾಗಿ ಪ್ರತಿ ಸಲ ನಾಪೋಕ್ಲು ಪೇಟೆಯ ಸೈಬರ್ ಸೆಂಟರ್‌ಗೆ ಹೋಗಿ, ಆಧಾರ್ ಪ್ರತಿಯನ್ನು ಬೇರೆಯವರ ಮೆಷಿನ್‌ನಲ್ಲಿ ಬಿಟ್ಟು ಬರುವುದು ನನಗಂತೂ ಇಷ್ಟವಿಲ್ಲ.

ಕಾಫಿಗೆ ಸಂಬಂಧಿಸಿದ ಹೊಸ ಕೆಲಸವೂ ಒಂದಿದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾನೂನು ತಂದಿದೆ. ಅಲ್ಲಿಗೆ ಹೋಗುವ ಕಾಫಿಯನ್ನು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದಿಲ್ಲ ಅಂತ ತೋರಿಸಬೇಕು, ತೋಟ ಎಲ್ಲಿದೆ ಅನ್ನುವುದನ್ನೂ ಕೊಡಬೇಕು. ಜಾರಿಗೆ ಬರುವ ದಿನಾಂಕವನ್ನು ಮುಂದೂಡಿದ್ದಾರೆ, ಆದರೆ ತಯಾರಿ ಮಾಡಿಕೊಂಡರೆ ನಷ್ಟವೇನಿಲ್ಲ. ನಾಲ್ಕು ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆಗಿಂತ ದೊಡ್ಡ ತುಂಡಾದರೆ ಒಂದು ಚುಕ್ಕೆ ಸಾಲದು, ಗಡಿಯ ಸುತ್ತ ಗೆರೆ ಎಳೆದು ಕೊಡಬೇಕು. ನಿಮ್ಮ 14 ಎಕರೆ ಒಂದೇ ತುಂಡಾಗಿದ್ದರೆ ಇದು ನಿಮಗೂ ಅನ್ವಯಿಸುತ್ತದೆ. ಗೂಗಲ್ ಅರ್ತ್‌ನಲ್ಲಿ ಮೌಸ್ ಹಿಡಿದು ಗಡಿ ಎಳೆದು ಉಳಿಸಿಕೊಳ್ಳಬಹುದು. ಸಿಲ್ವರ್ ಓಕ್ ನೆರಳಿನಲ್ಲಿ ಗಡಿ ಸರಿಯಾಗಿ ಕಾಣುವುದಿಲ್ಲ. ದೊಡ್ಡ ಪರದೆಯಲ್ಲಿ ಹಿಗ್ಗಿಸಿ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಳೆಯಿರಿ.

ಇನ್ನು ಲ್ಯಾಪ್‌ಟಾಪ್. ಮಗಳು ಎರಡು ವರ್ಷದಲ್ಲಿ ಮೈಸೂರಿಗೋ ಮಂಗಳೂರಿಗೋ ಹಾಸ್ಟೆಲ್‌ಗೆ ಹೋದರೆ ಲ್ಯಾಪ್‌ಟಾಪ್ ಬೇಕೇ ಬೇಕು. ಅದನ್ನು ಆವಾಗಲೇ ಕೊಳ್ಳಿ, ಈಗ ಕೊಂಡರೆ ಆ ಹೊತ್ತಿಗೆ ಹಳೆಯದಾಗಿರುತ್ತದೆ. ಹೋಗುವಾಗ ಅದು ಅವಳ ಜೊತೆ ಹೋಗುತ್ತದೆ, ಮನೆಯ ಲೆಕ್ಕವೂ ಅದರ ಜೊತೆ ಹೋಗುತ್ತದೆ. ಲ್ಯಾಪ್‌ಟಾಪಿಗೆ ಸ್ವಂತ ಬ್ಯಾಟರಿ ಇರುವುದು ನಮ್ಮ ಕಡೆ ನಿಜವಾಗಿಯೂ ದೊಡ್ಡ ಅನುಕೂಲ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ತೇವಕ್ಕೆ ಕೀಬೋರ್ಡೋ ಬೋರ್ಡೋ ಕೆಟ್ಟರೆ ಆ ಮಾಡೆಲ್‌ಗೆ ಹೊಂದುವ ಭಾಗವೇ ಬರಬೇಕು, ಅದಕ್ಕೆ ವಾರಗಟ್ಟಲೆ ಕಾಯಬೇಕು. ಮಾಮೂಲಿ ಡೆಸ್ಕ್‌ಟಾಪಿನಲ್ಲಿ ಕೀಬೋರ್ಡ್ ಹೋದರೆ ಕೀಬೋರ್ಡ್, ಪವರ್ ಸಪ್ಲೈ ಹೋದರೆ ಪವರ್ ಸಪ್ಲೈ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಅದೇ ದಿನ ಸಿಗುತ್ತದೆ. ನನ್ನ ರಿಪೇರಿ ಮೇಜಿಗೆ ಬರುವ ಹತ್ತು ವರ್ಷದ ಡೆಸ್ಕ್‌ಟಾಪ್‌ಗಳಲ್ಲಿ ಬಹಳಷ್ಟು ಎದ್ದು ಹೋಗುತ್ತವೆ. ಅಷ್ಟೇ ವಯಸ್ಸಿನ ಲ್ಯಾಪ್‌ಟಾಪ್‌ಗಳ ಬಗ್ಗೆ ಆ ಮಾತು ಹೇಳಲಾರೆ.

ಯಾವುದು ತರಬೇಕು? ಗೇಮಿಂಗ್ ಮೆಷಿನ್ ಬೇಡವೇ ಬೇಡ, ಬಣ್ಣದ ಲೈಟಿಗೆ ಮರುಳಾಗಬೇಡಿ. ಆಫೀಸುಗಳಲ್ಲಿ ಇರುವಂಥ ಸಣ್ಣ ಡೆಸ್ಕ್‌ಟಾಪ್, 8 ಜಿಬಿ ರ‍್ಯಾಮ್ (16 ಆದರೆ ನಿಶ್ಚಿಂತೆ), 512 ಜಿಬಿ ಎಸ್‌ಎಸ್‌ಡಿ, 22 ಅಥವಾ 24 ಇಂಚಿನ ಮಾನಿಟರ್. ಕಂಪನಿಗಳು ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಮೆಷಿನ್ ಆದರೂ ಪರವಾಗಿಲ್ಲ, ಇಂಟೆಲ್ ಪ್ರೊಸೆಸರ್ ಎಂಟನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಆಗಿರಲಿ. ಅದಕ್ಕಿಂತ ಹಳೆಯವನ್ನು ವಿಂಡೋಸ್ 11 ಒಪ್ಪುವುದಿಲ್ಲ. ಈ ಅಳತೆಯ ಮೆಷಿನ್ ಮತ್ತು ಮಾನಿಟರ್ ಸೇರಿ ಲೆಕ್ಕದ ಕೆಲಸಕ್ಕೆ 60 ವ್ಯಾಟ್ ಸುತ್ತಮುತ್ತ ತಿನ್ನುತ್ತದೆ. ದಿನಕ್ಕೆ ಐದು ಗಂಟೆ ಹಾಕಿದರೂ ತಿಂಗಳಿಗೆ ಒಂಬತ್ತು ಯೂನಿಟ್. ಬಿಲ್ಲಿನ ಭಯ ಬೇಡ.

ಈಗ ಎಲೆಕ್ಟ್ರಿಷಿಯನ್ ವಿಷಯ. ಹಳೇ ಕಂಪ್ಯೂಟರಿನ ಡಬ್ಬ ಮುಟ್ಟಿದಾಗ ಯಾವಾಗಲಾದರೂ ಜುಮ್ ಅಂದಿತ್ತಾ? ನಮ್ಮ ಕಡೆ ಹತ್ತರಲ್ಲಿ ನಾಲ್ಕು ಜನ ಹೌದು ಅನ್ನುತ್ತಾರೆ, ‘ಕಂಪ್ಯೂಟರ್ ಅಂದರೆ ಹಾಗೇ’ ಅಂತ ಸುಮ್ಮನಾಗಿರುತ್ತಾರೆ. ಹಾಗಲ್ಲ. ಪವರ್ ಸಪ್ಲೈ ಒಳಗಿನ ಫಿಲ್ಟರ್‌ನಿಂದ ಸಣ್ಣ ಪ್ರಮಾಣದ ಕರೆಂಟ್ ಡಬ್ಬಕ್ಕೆ ಬರುವುದು ಸಹಜ, ಅದು ಮೂರನೇ ಪಿನ್ ಮೂಲಕ ಭೂಮಿಗೆ ಹೋಗಬೇಕು. ಅರ್ಥಿಂಗ್ ಇಲ್ಲದಿದ್ದರೆ ನಿಮ್ಮ ಬೆರಳಿನ ಮೂಲಕ ಹೋಗುತ್ತದೆ. ಹಳೇ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇರುತ್ತದೆ, ಹಿಂದೆ ಎರಡೇ ವಯರ್ ಇರುತ್ತದೆ. ಇದ್ದರೂ ಅಂಗಳದ ಗುಂಡಿಯಲ್ಲಿ ಪೈಪು ತುಕ್ಕು ಹಿಡಿದು ಕರಗಿರುತ್ತದೆ. ಮಲ್ಟಿಮೀಟರ್‌ನಲ್ಲಿ ಫೇಸ್ ಮತ್ತು ಅರ್ಥ್ ನಡುವೆ ಅಳೆಯಲು ಹೇಳಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಷ್ಟು ಬರುತ್ತದೋ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್‌ಗಿಂತ ಜಾಸ್ತಿ ಇರಬಾರದು.

ಇದರಲ್ಲಿ ಕೊಡಗಿನದೇ ಒಂದು ತೊಡಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಒದ್ದೆ, ಆಗ ಅರ್ಥಿಂಗ್ ತಾನಾಗಿಯೇ ಚೆನ್ನಾಗಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಮಣ್ಣು ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ. ಗುಡುಗು ಸಿಡಿಲಿನ ಮಳೆ ಬರುವುದೂ ಆಗಲೇ. ಬೇಸಗೆಯಲ್ಲಿ ವಾರಕ್ಕೆರಡು ಸಲ ಅರ್ಥಿಂಗ್ ಗುಂಡಿಗೆ ಒಂದು ಕೊಡ ನೀರು ಹೊಯ್ಯಿರಿ.

ಸಿಡಿಲಿಗೆ ಯುಪಿಎಸ್ ತಡೆ ಅಲ್ಲ, ಸ್ಟೆಬಿಲೈಸರ್ ಕೂಡ ಅಲ್ಲ. ಗುಡುಗು ದೂರದಲ್ಲಿ ಕೇಳಿದಾಗಲೇ ಎದ್ದು ಪ್ಲಗ್ ಕೀಳಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ವಿಚ್ಚಿನ ಆ ಸಣ್ಣ ಅಂತರ ಸಿಡಿಲಿಗೆ ಲೆಕ್ಕಕ್ಕೇ ಇಲ್ಲ. ಪ್ಲಗ್ ಕಿತ್ತವರೂ ಮರೆಯುವುದು ನೆಟ್‌ವರ್ಕ್ ಕೇಬಲ್. ರೂಟರ್‌ಗೆ ಹೊಡೆದದ್ದು ಆ ಕೇಬಲ್ ಹಿಡಿದು ಮದರ್‌ಬೋರ್ಡಿಗೆ ಬರುತ್ತದೆ. ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಸರಿ. ಆದರೆ ಮರದಿಂದ ಮರಕ್ಕೆ ಎಳೆದು ತಂದ ಎಷ್ಟೋ ಫೈಬರ್ ಕೇಬಲ್‌ಗಳಲ್ಲಿ ಬಲಕ್ಕೆ ಉಕ್ಕಿನ ತಂತಿ ಇರುತ್ತದೆ. ಫೈಬರ್ ಪೆಟ್ಟಿಗೆಗೆ ಅಡಾಪ್ಟರ್ ಕೂಡ ಇದೆಯಲ್ಲ. ವೈಫೈ ಮೂಲಕ ಕಂಪ್ಯೂಟರಿಗೆ ನೆಟ್ ಕೊಟ್ಟರೆ ಈ ಒಂದು ದಾರಿ ಮುಚ್ಚಿದ ಹಾಗಾಯಿತು. ವೇಗ ಸ್ವಲ್ಪ ಕಡಿಮೆಯಾದರೂ ನಮ್ಮ ಕಡೆಗೆ ಅದೇ ಸರಿ.

ಯುಪಿಎಸ್ ಬೇಕು, ಆದರೆ ಬೇರೆ ಕಾರಣಕ್ಕೆ. ಮಳೆಗಾಲದಲ್ಲಿ ಕೊಂಬೆ ತಂತಿಗೆ ತಾಗಿ ಕರೆಂಟ್ ಒಂದು ಗಂಟೆಯಲ್ಲಿ ಹತ್ತು ಸಲ ಹೋಗಿ ಬರುತ್ತದೆ. ಬರೆಯುತ್ತಿರುವಾಗ ಕರೆಂಟ್ ಹೋದರೆ ಫೈಲ್ ಕೆಡುತ್ತದೆ, ಡಿಸ್ಕ್ ಕೂಡ ಕೆಡಬಹುದು. 600 ವಿಎ ಯುಪಿಎಸ್ ಸಾಕು. ಅದರಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ, ಈ ಸಣ್ಣ ಮೆಷಿನ್‌ಗೆ 15-20 ನಿಮಿಷ ಸಿಗುತ್ತದೆ. ಉಳಿಸಿ, ಮುಚ್ಚಿ, ಏಳಲು ಅಷ್ಟು ಸಾಕು. ಎರಡು ಮೂರು ವರ್ಷಕ್ಕೆ ಬ್ಯಾಟರಿ ಬದಲಿಸಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದು ಸೈನ್ ವೇವ್ ಹೌದಾ ನೋಡಿ, ಹಿಂದಿರುವ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಇಡಿ. ಇಲ್ಲದಿದ್ದರೆ ಕರೆಂಟ್ ಬದಲಾಗುವ ಆ ಕ್ಷಣಕ್ಕೆ ಮೆಷಿನ್ ರೀಸ್ಟಾರ್ಟ್ ಆಗುತ್ತದೆ. ಲೇಸರ್ ಪ್ರಿಂಟರ್‌ ಅನ್ನು ಮಾತ್ರ ಯುಪಿಎಸ್‌ಗೆ ಸಿಕ್ಕಿಸಬೇಡಿ, ಬಿಸಿ ಮಾಡಿಕೊಳ್ಳುವಾಗ ಅದು ಒಮ್ಮೆಲೇ ನೂರಾರು ವ್ಯಾಟ್ ಎಳೆಯುತ್ತದೆ.

ತೇವದ ಬಗ್ಗೆ ಜನ ಮಾಡುವುದು ಸರಿಯಾಗಿ ಉಲ್ಟಾ. ಮಳೆಗಾಲ ಶುರುವಾದ ಕೂಡಲೇ ಪ್ಲಾಸ್ಟಿಕ್ ಕವರ್ ಹಾಕಿ, ಕಂಪ್ಯೂಟರ್ ಮುಚ್ಚಿ, ಸೆಪ್ಟೆಂಬರ್‌ನಲ್ಲಿ ತೆಗೆಯುತ್ತಾರೆ. ಕವರ್ ಒಳಗೆ ತೇವ ಕೂತು ಬೂಷ್ಟು ಬರುತ್ತದೆ, ರ‍್ಯಾಮಿನ ತುದಿ ಕಪ್ಪಾಗುತ್ತದೆ, ಒತ್ತಿದರೆ ಬೀಪ್ ಬೀಪ್ ಅಂತ ಕೂಗಿ ನಿಲ್ಲುತ್ತದೆ. ಕಂಪ್ಯೂಟರ್ ತನ್ನ ಬಿಸಿಯಲ್ಲೇ ತನ್ನನ್ನು ಒಣಗಿಸಿಕೊಳ್ಳುತ್ತದೆ. ಜೂನ್, ಜುಲೈ, ಆಗಸ್ಟ್‌ನಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಹಾಕಿಡಿ, ಕೆಲಸ ಇಲ್ಲದಿದ್ದರೂ. ಹೊದಿಸುವುದಿದ್ದರೆ ಹತ್ತಿ ಬಟ್ಟೆ. ಹೊರಗೋಡೆಗೆ ತಾಗಿಸಬೇಡಿ, ಗೇಣು ಅಂತರ ಬಿಡಿ. ನೆಲದ ಮೇಲೆ ಇಡಬೇಡಿ. ಹಿಂಭಾಗದ ಖಾಲಿ ಸ್ಲಾಟ್‌ಗಳಿಗೆ ತಗಡಿನ ಪಟ್ಟಿ ಇದೆಯಾ ನೋಡಿ, ಇಲ್ಲದಿದ್ದರೆ ಹಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಒಳಗೆ ಹೋಗಿ ಪವರ್ ಸಪ್ಲೈಯನ್ನೂ ಸುಟ್ಟು ತಾನೂ ಸಾಯುತ್ತದೆ. ಪ್ರಿಂಟರ್ ಟ್ರೇಯಲ್ಲಿ ಕಾಗದ ಬಿಡಬೇಡಿ, ತೇವ ಎಳೆದುಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಬೇಕಾದಾಗ ನಾಲ್ಕು ಹಾಳೆ ಹಾಕಿ, ಉಳಿದದ್ದು ಬಿಗಿ ಮುಚ್ಚಳದ ಡಬ್ಬದಲ್ಲಿರಲಿ.

ನಿಮ್ಮ ಹಳೇ ಮೆಷಿನ್ ಸತ್ತಿದೆ ಅಂತ ನನಗೆ ಅನ್ನಿಸುವುದಿಲ್ಲ. ಮೊದಲು ರ‍್ಯಾಮ್ ತೆಗೆದು ತುದಿಯನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹಾಕಿ ನೋಡಿ, ಪ್ಲಗ್ ಕಿತ್ತ ಮೇಲೆಯೇ. ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ ಬದಲಿಸಿ, ಅದರ ನಂಬರ್ ಸಿಆರ್2032. ಅದು ಸತ್ತರೆ ಕಂಪ್ಯೂಟರಿನ ತಾರೀಕು ಹಿಂದಕ್ಕೆ ಹೋಗುತ್ತದೆ, ಆಗ ಬ್ಯಾಂಕಿನ ಸೈಟೂ ತೆರೆಯುವುದಿಲ್ಲ, ಜನ ನೆಟ್ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಎದ್ದು ಕೂತರೂ ಅದರಲ್ಲಿ ವಿಂಡೋಸ್ 10 ಇದ್ದರೆ ಬ್ಯಾಂಕಿಂಗ್‌ಗೆ ಬಳಸಬೇಡಿ, ಮೈಕ್ರೋಸಾಫ್ಟ್ ಅದರ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. ಒಂದು ಸಣ್ಣ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ತುಂಬಿದರೆ ಮಳೆ ಡೈರಿ ಹೊಡೆಯುವ ಕೆಲಸಕ್ಕೆ ಇನ್ನೂ ನಾಲ್ಕು ವರ್ಷ ದುಡಿಯುತ್ತದೆ. ಏಳಲೇ ಇಲ್ಲ ಅಂದರೂ ಗುಜರಿಗೆ ಕೊಡುವ ಮೊದಲು ಹಾರ್ಡ್‌ಡಿಸ್ಕ್ ತೆಗೆದಿಟ್ಟುಕೊಳ್ಳಿ. ಯುಎಸ್‌ಬಿ ಡಬ್ಬಿಗೆ ಹಾಕಿದರೆ 2013ರಿಂದ ಈಚಿನ ಫೋಟೋ ಎಲ್ಲ ಸಿಗುವ ಸಾಧ್ಯತೆ ಜಾಸ್ತಿ.

ಕನ್ನಡ ಟೈಪಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ, ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಂಡರಾಯಿತು. ‘ನುಡಿ’ ತಂತ್ರಾಂಶ ರೂಢಿಯಿದ್ದರೆ ಅದನ್ನೇ ಬಳಸಿ, ಆದರೆ ಯೂನಿಕೋಡ್‌ನಲ್ಲಿ ಬರೆಯಿರಿ. ಹಳೇ ನುಡಿ ಫಾಂಟಿನಲ್ಲಿ ಹೊಡೆದದ್ದು ಆ ಫಾಂಟಿಲ್ಲದ ಮೆಷಿನ್‌ನಲ್ಲಿ ಬರೀ ಇಂಗ್ಲಿಷ್ ಅಕ್ಷರದ ಗೋಜಲಾಗಿ ಕಾಣುತ್ತದೆ. ಹುಡುಕಿದರೂ ಸಿಗುವುದಿಲ್ಲ.

ನೆಟ್ ಇಲ್ಲದ ದಿನದ ಪ್ರಶ್ನೆಗೆ ಬರುತ್ತೇನೆ. ಮೇಲೆ ಹೇಳಿದ್ದರಲ್ಲಿ ಅರ್ಜಿ, ಸಿ ಫಾರಂ, ನಕ್ಷೆ, ಗೂಗಲ್ ಡ್ರೈವ್ ಬಿಟ್ಟರೆ ಉಳಿದದ್ದಕ್ಕೆಲ್ಲ ನೆಟ್ ಬೇಕಾಗಿಯೇ ಇಲ್ಲ. ಜುಲೈನಲ್ಲಿ ಮೂರು ದಿನ ಟವರ್ ಸತ್ತು ಫೋನ್ ಬರೀ ಟಾರ್ಚ್ ಆದಾಗಲೂ, ಇನ್ವರ್ಟರ್‌ನಲ್ಲಿ ಜೀವ ಇರುವವರೆಗೆ ಡೆಸ್ಕ್‌ಟಾಪಿನಲ್ಲಿ ಲೆಕ್ಕ ಬರೆಯಬಹುದು, ಸ್ಕ್ಯಾನ್ ಮಾಡಬಹುದು, ಮಗಳು ಓದಬಹುದು. ಕಿವಿಕ್ಸ್ ಅನ್ನುವ ಪುಕ್ಕಟೆ ತಂತ್ರಾಂಶ ಇದೆ. ಅದರಲ್ಲಿ ಕನ್ನಡ ವಿಕಿಪೀಡಿಯವನ್ನು ಇಡೀ ಇಳಿಸಿಕೊಂಡು ನೆಟ್ ಇಲ್ಲದೆ ಓದಬಹುದು. ಅವಳ ಪಾಠದ ವೀಡಿಯೋ, ಹಳೇ ಪ್ರಶ್ನೆಪತ್ರಿಕೆ ಕೂಡ ಇಳಿಸಿಡಲಿ. ವಿಂಡೋಸ್ ಅಪ್‌ಡೇಟ್, ಪ್ರಿಂಟರ್ ಡ್ರೈವರ್, ಕಾಗದದ ರೀಮು, ಯುಪಿಎಸ್ ಬ್ಯಾಟರಿ ತಪಾಸಣೆ, ಇವೆಲ್ಲ ಮೇ ಹದಿನೈದರೊಳಗೆ ಮುಗಿಸಿಬಿಡಿ. ಜೂನ್‌ನಲ್ಲಿ ರಸ್ತೆಗೆ ಮರ ಬಿದ್ದ ಮೇಲೆ ಫೋನ್ ಮಾಡಿದರೆ ನನಗೂ ನಿಮ್ಮ ಮನೆಗೆ ಬರಲು ಆಗುವುದಿಲ್ಲ.